ಆ ಹಲಸಿನ ಕೊಂಬೆ ಸೌದೆಗೆ ಹೋಗುವ ಮೊದಲು

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮಳೆಗೆ ಹಿತ್ತಲ ಹಲಸಿನ ಮರದ ದೊಡ್ಡ ಕೊಂಬೆ ಮುರಿದು ಕಾಂಪೌಂಡ್ ಮೇಲೆ ಬಿದ್ದರೂ ಯಾರಿಗೂ ಏನೂ ಆಗಲಿಲ್ಲ ಅಂತ ಕೇಳಿ ಸಮಾಧಾನವಾಯಿತು. ಆದರೆ ಸೌದೆಯವನಿಗೆ ಹೇಳಿದ್ದೇವೆ ಅಂದಿರಲ್ಲ, ದಯವಿಟ್ಟು ಪೂರ್ತಿ ಕೊಡಬೇಡಿ. ಬುಡದ ಕಡೆಯ ದಪ್ಪ ತುಂಡು ನನಗೆ ಬೇಕು, ಅದನ್ನು ಲೇತ್‌ನಲ್ಲಿ ತಿರುಗಿಸಿ ತೊಗಟೆಯೇ ಅಂಚಾಗಿರುವ ಬಟ್ಟಲು ಕಡೆಯಬೇಕು. ಫೋನಿನಲ್ಲಿ ಇದೆಲ್ಲ ಹೇಳಲು ಆಗಲಿಲ್ಲ. ವಾಟ್ಸಾಪ್‌ನಲ್ಲೇ ಕಳಿಸುತ್ತಿದ್ದೇನೆ, ಅಕ್ಷರ ದೊಡ್ಡದು ಮಾಡಿಕೊಂಡು ಓದಿ.

ಮೊದಲು ಅರ್ಜೆಂಟ್ ವಿಷಯ. ಹಸಿ ಮರದ ನೀರು ಅಡ್ಡ ಕತ್ತರಿಸಿದ ತುದಿಗಳಿಂದ ಬೇಗ ಹೋಗುತ್ತದೆ. ತುದಿ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿಯಾಗಿಯೇ ಇರುತ್ತದೆ, ಈ ಎರಡರ ಜಗ್ಗಾಟದಲ್ಲಿ ಮರ ಬಿರಿಯುತ್ತದೆ. ಹಾಗಾಗಿ ಎರಡಡಿಗೆ ಕಮ್ಮಿ ಮಾಡಿಸಬೇಡಿ, ತುದಿ ಬಿರಿದರೂ ಅಷ್ಟನ್ನು ಕತ್ತರಿಸಿ ಎಸೆಯಬಹುದು. ಆಮೇಲೆ ಆ ತುಂಡನ್ನು ಸರಿಯಾಗಿ ನಡುವಿನ ತಿರುಳಿನ ಮೇಲೇ ಉದ್ದಕ್ಕೆ ಕೊಯ್ಸಿ ಎರಡು ಹೋಳು ಮಾಡಿಸಿ. ತಿರುಳು ಹಾಗೇ ಉಳಿದರೆ ಅಲ್ಲಿಂದಲೇ ಬಿರುಕು ಸುತ್ತಲೂ ಹರಡುತ್ತದೆ. ಗರಗಸಕ್ಕೆ ಕೊಬ್ಬರಿ ಎಣ್ಣೆ ಸವರಲು ಹೇಳಿ, ಹಲಸಿನ ಮೇಣ ಅಂಟಿದರೆ ಹೇಗೆ ಅಂತ ಅಮ್ಮನಿಗೆ ಗೊತ್ತಲ್ಲ. ತುದಿಗಳಿಗೆ ಮೇಣದ ಬತ್ತಿ ಕರಗಿಸಿ ದಪ್ಪಗೆ ಬಳಿಯಿರಿ, ಗೇಟಿಗೆ ಹೊಡೆದು ಉಳಿದ ಆಯಿಲ್ ಪೇಂಟ್ ಎರಡು ಮೂರು ಕೋಟ್ ಹಚ್ಚಿದರೂ ನಡೆಯುತ್ತದೆ. ಮೆಟ್ಟಿಲ ಕೆಳಗೆ ನೆರಳಲ್ಲಿ, ಇಟ್ಟಿಗೆ ಮೇಲೆ ಇಡಿ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ. ಪ್ಲಾಸ್ಟಿಕ್ ಸುತ್ತಬೇಡಿ, ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ತೊಗಟೆಗೆ ಪೆಟ್ಟಾಗಬಾರದು. ನೆಲದ ಮೇಲೆ ಎಳೆಯದೆ ಎತ್ತಿ ಇಡಲಿ.

ತೊಗಟೆ ಯಾಕೆ ಅಂದರೆ, ನಾನು ಮಾಡುವ ಬಟ್ಟಲಿನ ಬಾಯಿಯ ಅಂಚು ಅದೇ. ಫೋಟೋ ನೋಡಿ ಅಪ್ಪ ಕೇಳಿದಿರಲ್ಲ, "ಅಂಚೇ ರೌಂಡ್ ಇಲ್ಲ, ಲೇತ್ ಮೇಲೆ ಹೇಗೆ ಮಾಡ್ದೆ?" ಅಂತ. ಎಚ್‌ಎಂಟಿಯಲ್ಲಿ ಅಷ್ಟು ವರ್ಷ ಲೇತ್ ಮುಂದೆ ನಿಂತವರು ಕೇಳಿದ ಪ್ರಶ್ನೆ, ಸುಮ್ನೆ ಒಂದು ಸಾಲಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸು ಬರಲಿಲ್ಲ.

ಅರ್ಧ ಸೀಳಿದ ದಿಮ್ಮಿಯನ್ನು ತೊಗಟೆ ಮೇಲಾಗಿ ಮಲಗಿಸಿದಂತೆ ನೆನೆಸಿಕೊಳ್ಳಿ. ಮೇಲಿನಿಂದ ನೋಡಿದರೆ ದುಂಡಗೆ ಕಾಣುವ ಹಾಗೆ ಬ್ಯಾಂಡ್‌ಸಾ ಗರಗಸದಲ್ಲಿ ಕತ್ತರಿಸುತ್ತೇನೆ. ಬಟ್ಟಲಿನ ಬಾಯಿ ತೊಗಟೆಯ ಕಡೆ, ತಳ ಸೀಳಿದ ಚಪ್ಪಟೆ ಕಡೆ. ದಿಮ್ಮಿಯ ಮೈ ಬಾಗಿರುವುದರಿಂದ ಅಂಚು ಎರಡು ಕಡೆ ಎತ್ತರ, ಎರಡು ಕಡೆ ತಗ್ಗು, ಕುದುರೆಯ ಜೀನಿನ ಹಾಗೆ. ತೊಗಟೆಯ ನಡುವೆ ಒಂದು ಗುಳಿ ಕೊರೆದು ಮರ ತಿರುಗಿಸುವ ಹೆಡ್‌ಸ್ಟಾಕಿನ ಹಲ್ಲು ಗಟ್ಟಿ ಮರವನ್ನೇ ಕಚ್ಚುವಂತೆ ಮಾಡಿ, ಇನ್ನೊಂದು ಕಡೆ ಆಧಾರಕ್ಕೆ ಟೇಲ್‌ಸ್ಟಾಕಿನ ಲೈವ್ ಸೆಂಟರ್ (ಮರದ ಜೊತೆಗೇ ತಿರುಗುವ ಮೊನೆ) ಕೊಡುತ್ತೇನೆ. ಆಮೇಲೆ ಕೈಯಲ್ಲಿ ನಿಧಾನ ತಿರುಗಿಸುತ್ತಾ, ಎದುರುಬದುರಿನ ಎರಡು ಎತ್ತರದ ತುದಿಗಳೂ ಉಳಿ ಆನಿಸುವ ಟೂಲ್ ರೆಸ್ಟಿನ ಪಕ್ಕ ಒಂದೇ ಜಾಗಕ್ಕೆ ಬರುವ ತನಕ ಸೆಂಟರ್ ಅನ್ನು ಆ ಕಡೆ ಈ ಕಡೆ ಸರಿಸುವುದು. ಮರದ ತೂಕಕ್ಕಿಂತ ಅಂಚಿನ ಈ ಲೆವೆಲ್ ಮುಖ್ಯ. ಬಟ್ಟಲು ಚೆಂದ ಕಾಣುವುದೂ ಓರೆಯಾಗಿ ಕಾಣುವುದೂ ಇಲ್ಲೇ ತೀರ್ಮಾನವಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮರದ ಲೇತ್‌ನಲ್ಲಿ ಉಳಿ ಬಿಗಿ ಹಿಡಿಯುವ ಟೂಲ್ ಪೋಸ್ಟ್ ಇಲ್ಲ, ಅದನ್ನು ಸಾಗಿಸುವ ಕ್ಯಾರೇಜ್ ಇಲ್ಲ. ಬೌಲ್ ಗೌಜ್ ಅಂತ, ಉದ್ದಕ್ಕೂ ತೋಡು ಇರುವ ಉಕ್ಕಿನ ಉಳಿ, ಅದನ್ನು ರೆಸ್ಟಿನ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿಯುವುದು. ಕೀ-ವೇ, ಅಂದರೆ ಉದ್ದಕ್ಕೆ ಕೊರೆದ ಕಾಲುವೆ, ಇರುವ ಶಾಫ್ಟ್ ಟರ್ನ್ ಮಾಡುವಾಗ ಟೂಲ್ ಟಕ್ ಟಕ್ ಅಂತ ಬಡಿಯುತ್ತದೆ ಅಂತ ನೀವೇ ಹೇಳುತ್ತಿದ್ದಿರಿ. ಅಂಚಿನ ಹತ್ತಿರ ಇಲ್ಲೂ ಅದೇ ಇಂಟರಪ್ಟೆಡ್ ಕಟ್. ಒಂದು ಕ್ಷಣ ಮರ, ಮರುಕ್ಷಣ ಬರೀ ಗಾಳಿ. ಒತ್ತಿ ಹಿಡಿದರೆ ಉಳಿ ಆ ಸಂದಿಯೊಳಗೆ ಹೋಗಿ ಬಡಿಯುತ್ತದೆ, ತೊಗಟೆ ಹಾರುತ್ತದೆ. ಉಳಿಯ ಬಾಯಿಯ ಇಳಿಜಾರು ಮೈ, ಬೆವೆಲ್, ಮರಕ್ಕೆ ತಾಗಿಯೂ ತಾಗದ ಹಾಗೆ, ಮೈಯಿಂದ ನಿಧಾನಕ್ಕೆ ಸಾಗಿಸಬೇಕು. ತಿರುಗುವಾಗ ಅಂಚು ಕಣ್ಣಿಗೆ ಬರೀ ಮಸುಕು ನೆರಳಾಗಿ ಕಾಣುತ್ತದೆ, ಹಿಂದೆ ಕಪ್ಪು ಬಟ್ಟೆ ಕಟ್ಟಿ ಲೈಟ್ ಹಾಕಿದರೆ ಆ ನೆರಳಲ್ಲೇ ಆಕಾರ ತಿಳಿಯುತ್ತದೆ. ಅಮ್ಮ, ಹೆದರಬೇಡ. ಮುಖಕ್ಕೆ ಪೂರ್ತಿ ಶೀಲ್ಡ್ ಹಾಕುತ್ತೇನೆ, ಸ್ಪೀಡ್ ಕಮ್ಮಿಯಿಂದಲೇ ಶುರು ಮಾಡುತ್ತೇನೆ, ಮರ ಹಾರಬಹುದಾದ ಸಾಲಿನಲ್ಲಿ ನಿಲ್ಲುವುದಿಲ್ಲ, ತಿರುಗುವ ಅಂಚಿನ ಹತ್ತಿರ ಕೈ ಒಯ್ಯುವುದಿಲ್ಲ.

ಹೊರಗಿನ ಮೈ ಆದಮೇಲೆ ತಳದಲ್ಲಿ ಉಳಿಸಿದ ಗಿಡ್ಡ ದುಂಡು ಚಾಚನ್ನು (ಟೆನನ್) ಮರ ಹಿಡಿಯುವ ಚಕ್‌ಗೆ ಕಚ್ಚಿಸಿ ಒಳಗೆ ತೋಡುವುದು. ಒಂದೇ ಸಲ ತಳದ ತನಕ ಹೋಗುವ ಹಾಗಿಲ್ಲ. ಅಂಚಿನಿಂದ ಒಂದು ಇಂಚು ಇಳಿದು ಅಷ್ಟನ್ನು ಪೂರ್ತಿ ಮುಗಿಸಿ, ಆಮೇಲೆ ಮುಂದಿನ ಇಂಚು. ನಡುವೆ ಮರ ಇರುವ ತನಕ ಗೋಡೆ ಅಲುಗುವುದಿಲ್ಲ. ಅದು ಹೋದಮೇಲೆ ಮತ್ತೆ ಅಂಚಿಗೆ ಉಳಿ ತಾಗಿಸಿದರೆ ನಡುಗುತ್ತದೆ. ಹಸಿ ಮರ ಅಷ್ಟರಲ್ಲೇ ಆಕಾರ ಬದಲಿಸಲು ಶುರು ಮಾಡಿರುತ್ತದೆ. ಗೋಡೆ 6 ಮಿಲಿಮೀಟರ್ ಹತ್ತಿರ ಇಡುತ್ತೇನೆ, ನೀವು ಕೊಟ್ಟ ಔಟ್‌ಸೈಡ್ ಕ್ಯಾಲಿಪರ್‌ನಲ್ಲೇ ಅಳೆಯುವುದು. ತೆಳ್ಳಗಿರುವುದಕ್ಕಿಂತ ಎಲ್ಲ ಕಡೆ ಒಂದೇ ಸಮ ಇರುವುದು ಮುಖ್ಯ, ಇಲ್ಲದಿದ್ದರೆ ಒಂದು ಕಡೆ ಬೇಗ ಒಣಗಿ ಸೀಳುತ್ತದೆ.

ಅಪ್ಪ, ನಿಮಗೆ ವಿಚಿತ್ರ ಅನ್ನಿಸುವುದು ಇದಾದ ಮೇಲೆ ನಡೆಯುವುದು. ಕಬ್ಬಿಣ ಚಕ್‌ನಿಂದ ಇಳಿಸಿದ ಮೇಲೆ ಅಳತೆ ಅಷ್ಟೇ ಇರುತ್ತದೆ. ಮರ ಹಾಗಲ್ಲ. ನಾರಿನ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ಮರದೊಳಗಿನ ವಾರ್ಷಿಕ ಬಳೆಗಳ ಸುತ್ತ ಕುಗ್ಗುವುದು ಜಾಸ್ತಿ, ಬಹಳ ಮರಗಳಲ್ಲಿ ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿಗಿಂತ ಸುಮಾರು ಎರಡರಷ್ಟು. ದುಂಡಗೆ ಮಾಡಿದ್ದು ಒಣಗುವಾಗ ತಾನಾಗಿ ಮೊಟ್ಟೆಯಾಕಾರ ಆಗುತ್ತದೆ. ಬಟ್ಟಲನ್ನು ಅದರಿಂದಲೇ ತುರಿದು ಬಂದ ಸುರುಳಿಗಳ ಜೊತೆ ಪೇಪರ್ ಚೀಲದಲ್ಲಿಟ್ಟು, ಆಗಾಗ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ದಪ್ಪಗೆ ತೋಡಿ ಒಣಗಿಸಿ, ತಿಂಗಳುಗಳ ನಂತರ ಮತ್ತೆ ದುಂಡಗೆ ಕಡೆಯುವವರೂ ಇದ್ದಾರೆ. ಊಟದ ಬಟ್ಟಲಿಗೆ ಅದು ಸರಿ. ತೊಗಟೆಯ ಅಂಚಿಗೆ ನನಗೆ ಈ ವಾಲಾಟವೇ ಇಷ್ಟ.

ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನನಗೆ ಸಿಗುವುದು ಹೆಚ್ಚಾಗಿ ಬ್ಲಾಕ್ ಚೆರ್ರಿ. ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕೆಂಪುಕಂದು, ಹೊರಗಿನ ಮರ ಕೆನೆ ಬಣ್ಣ, ಅಂಚಿನಲ್ಲಿ ಕಪ್ಪು ತೊಗಟೆ. ಒಂದೇ ಬಟ್ಟಲಿನಲ್ಲಿ ಮೂರು ಬಣ್ಣ, ನಾನು ಬಳಿದದ್ದು ಬರೀ ಎಣ್ಣೆ. ಚಳಿಗಾಲದಲ್ಲಿ ಕಡಿದ ಮರದಲ್ಲಿ ತೊಗಟೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಚಿಗುರುವ ಕಾಲದಲ್ಲಿ ಕಡಿದರೆ ಜಾರಿಕೊಂಡು ಬರುತ್ತದೆ. ನಮ್ಮ ಹಲಸು ಮಳೆಗಾಲಕ್ಕೆ ಮುರಿದಿದೆ, ತೊಗಟೆ ಬಿಟ್ಟುಕೊಂಡರೂ ಬೇಜಾರು ಮಾಡಬೇಡಿ, ಅದರ ಕೆಳಗಿನ ಮೈಯೂ ಏರಿಳಿತದ ಅಂಚೇ. ಹಲಸಿನ ಹಳದಿ ಚೇಗು ವರ್ಷ ಕಳೆದ ಹಾಗೆ ಕಂದಾಗುತ್ತದೆ. ವೀಣೆಗೂ ಮೃದಂಗಕ್ಕೂ ಬಳಸುವ ಮರ, ಸೌದೆಗೆ ಕೊಡಲು ಹೇಗೆ ಮನಸ್ಸು ಬರುತ್ತದೆ!

ಮರದ ಸಹಜ ಅಂಚನ್ನು ಹಾಗೇ ಬಿಟ್ಟು ಮೇಜು ಮಾಡಿ ಹೆಸರಾದ ಜಾರ್ಜ್ ನಕಾಶಿಮಾ (1905-1990) ಇದೇ ರಾಜ್ಯದ ನ್ಯೂ ಹೋಪ್‌ನಲ್ಲಿ ಇದ್ದವರು. 1930ರ ದಶಕದಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡದ ಕೆಲಸ ಮಾಡಿದ್ದೂ ಅವರೇ. ನಮ್ಮ ಬೀದಿಗಳಲ್ಲಿ ಮಳೆಗೆ ಉರುಳುವ ರೈನ್ ಟ್ರೀ ಕೂಡ ಇದಕ್ಕೆ ಒಳ್ಳೆಯ ಮರ. ಹವಾಯಿಯಲ್ಲಿ ಅದನ್ನು ಮಂಕಿಪಾಡ್ ಅಂತ ಕರೆದು ಬಟ್ಟಲು ಮಾಡುತ್ತಾರೆ, ಒಣಗುವಾಗ ಅದು ಕುಗ್ಗುವುದು ತೀರಾ ಕಮ್ಮಿ.

ಡಿಸೆಂಬರ್‌ನಲ್ಲಿ ಬಂದಾಗ ಅಲ್ಲೇ ಕಡೆಯಬೇಕು, ತೊಗಟೆಯಿರುವ ಮರ ಇಲ್ಲಿಗೆ ತರುವುದು ಕಷ್ಟ, ಹುಳು ಬರುತ್ತದೆಂದು ತಡೆಯುತ್ತಾರೆ. ಒಂದು ದಿನ ಚನ್ನಪಟ್ಟಣಕ್ಕೂ ಹೋಗೋಣ. ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಬಣ್ಣ ಕೂರುವುದನ್ನು ಹತ್ತಿರದಿಂದ ನೋಡಬೇಕು. ಅಪ್ಪ, ನಿಮ್ಮ ಹಳೆಯ ಸ್ನೇಹಿತರಲ್ಲಿ ಯಾರ ಹತ್ತಿರವಾದರೂ ಮರದ ಲೇತ್ ಇದೆಯಾ ವಿಚಾರಿಸಿ. ಸೆಂಟರ್‌ನಿಂದ ಬೆಡ್‌ಗೆ ಆರು ಇಂಚಾದರೂ ಎತ್ತರ ಇರಲಿ. ಚಕ್ ಮತ್ತು ಗೌಜ್ ನಾನೇ ತರುತ್ತೇನೆ. ನನ್ನ ಚಕ್‌ನ ಥ್ರೆಡ್ 1 ಇಂಚು, 8 ಟಿಪಿಐ (ಇಂಚಿಗೆ ಎಂಟು ಸುತ್ತು). ಅಲ್ಲಿನ ಸ್ಪಿಂಡಲ್ ಅಳತೆ ಬೇರೆಯಿದ್ದರೆ ಮೊದಲೇ ಹೇಳಿ, ಅದಕ್ಕೆ ಸರಿಯಾದ ಅಡಾಪ್ಟರ್ ಇಲ್ಲಿಂದಲೇ ತರುತ್ತೇನೆ.

ನಿಮ್ಮ ಮಗಳು