ಮುಳುಗಿದ ಹಡಗಿಗೆ ಹೆಸರು ಹುಡುಕುವ ಬಗೆ

ಪ್ರೀತಿಯ ರಾಘು,

ಸೋನಾರ್ (ನೀರೊಳಗೆ ಶಬ್ದ ಕಳಿಸಿ, ಪ್ರತಿಧ್ವನಿಯಿಂದ ತಳದ ಆಕಾರ ತಿಳಿಯೋ ಸಾಧನ) ಚಿತ್ರದ ಆಕಾರ ನೋಡಿಯೇ ಹಡಗಿನ ಹೆಸರು ಹೇಳಬಹುದಾ ಅಂತ ಕೇಳಿದ್ದೆಯಲ್ಲ. ಯಾವ್ಯಾವ ಹಡಗು ಅಲ್ಲ ಅನ್ನೋದನ್ನು ಅದು ಖಡಾಖಂಡಿತ ಹೇಳುತ್ತೆ. ಉಳಿದದ್ದು ಕಡತಗಳ ಕೆಲಸ.

ಬ್ಯಾಂಗರ್ ವಿಶ್ವವಿದ್ಯಾಲಯದವರು ಐರಿಷ್ ಸಮುದ್ರದಲ್ಲಿ 'ಪ್ರಿನ್ಸ್ ಮ್ಯಾಡಾಗ್' ನೌಕೆಯ ಮಲ್ಟಿಬೀಮ್ (ಒಟ್ಟಿಗೇ ಹಲವು ಶಬ್ದಕಿರಣ ಬಿಡೋ) ಸೋನಾರ್‌ನಿಂದ 273 ಅವಶೇಷಗಳನ್ನು ಅಳೆದರು. 2022ರಲ್ಲಿ ಸುದ್ದಿಯಾದ 'ಮೆಸಾಬಾ' ಅವುಗಳಲ್ಲೊಂದು. 1912ರಲ್ಲಿ ಟೈಟಾನಿಕ್‌ಗೆ ಮಂಜುಗಡ್ಡೆಯ ಎಚ್ಚರಿಕೆ ಕಳಿಸಿದ್ದ ಹಡಗು. 1918ರ ಸೆಪ್ಟೆಂಬರ್ 1ರಂದು ಟಾರ್ಪಿಡೊ ತಗುಲಿ 20 ಜನರೊಂದಿಗೆ ಮುಳುಗಿತು.

ಮೊದಲು ಉದ್ದ. ಹಡಗುಗಳ ವಿವರ ದಾಖಲಿಸೋ ಲಾಯ್ಡ್ಸ್ ರಿಜಿಸ್ಟರ್ ಕೊಡೋದು ಮೂತಿಯಿಂದ ಹಿಂದಿನ ಚುಕ್ಕಾಣಿ ಕಂಬದವರೆಗಿನ ಅಳತೆ, ಅದೂ ಅಡಿಗಳಲ್ಲಿ. ಹಳೆಯ ಹಡಗುಗಳ ಹಿಂಭಾಗ ಆ ಕಂಬವನ್ನೂ ದಾಟಿ ಚಾಚಿರುತ್ತಿತ್ತು. ಹಾಗಾಗಿ ತುದಿಯಿಂದ ತುದಿಗೆ ಅಳೆದರೆ ಕೆಲವು ಮೀಟರ್ ಹೆಚ್ಚೇ ಬರುತ್ತೆ. ಅಷ್ಟಕ್ಕೇ ಸರಿಯಾದ ಹಡಗನ್ನು ಪಟ್ಟಿಯಿಂದ ಹೊಡೆದುಹಾಕಬೇಡ. ಎರಡು ತುಂಡಾಗಿದ್ದರೆ ನಡುವಿನ ಖಾಲಿ ಜಾಗ ಬಿಟ್ಟು ಕೂಡಿಸು. ಒಂದು ತುದಿ ಮರಳಲ್ಲಿ ಹೂತಿದ್ದರೆ ಸಿಕ್ಕ ಉದ್ದ ಬರೀ ಕನಿಷ್ಠ ಲೆಕ್ಕ.

ಅಗಲದಲ್ಲಿ ಮೋಸ ಹೆಚ್ಚು. ತುಕ್ಕು ಹಿಡಿದ ಪಕ್ಕದ ತಗಡುಗಳು ಹೊರಕ್ಕೆ ಮಗುಚಿಕೊಳ್ಳುತ್ತವೆ, ಹಡಗು ಹಪ್ಪಳದ ಹಾಗೆ ಹರಡುತ್ತೆ. ಗೋಡೆ ಇನ್ನೂ ನೆಟ್ಟಗೆ ನಿಂತಿರುವ ಕಡೆ ಮಾತ್ರ ಅಳೆಯಬೇಕು.

ನನಗೆ ಹೆಚ್ಚು ನಂಬಿಕೆ ಬಾಯ್ಲರ್‌ಗಳ ಮೇಲೆ. ತಗಡೆಲ್ಲ ಕುಸಿದರೂ ಆ ದಪ್ಪ ಉರುಳೆಗಳು ಎದ್ದು ಕಾಣುತ್ತವೆ. ಸೋನಾರ್‌ನ ಒಂದು ಡಿಗ್ರಿಯ ಶಬ್ದಕಿರಣ 60 ಮೀಟರ್ ಆಳದಲ್ಲಿ ಸುಮಾರು ಒಂದು ಮೀಟರ್ ಅಗಲ ತಗೊಳ್ಳುತ್ತೆ: ಬಾಯ್ಲರ್ ಎಣಿಸೋಕೆ ಸಾಕು, ಕಿಟಕಿ ಎಣಿಸೋಕೆ ಸಾಲದು. ಎಷ್ಟಿವೆ, ನಡುವೆ ಇವೆಯಾ ಹಿಂದೆ ಇವೆಯಾ ನೋಡು. ಬಾಯ್ಲರ್ ಎಷ್ಟೆಂದು ರಿಜಿಸ್ಟರ್‌ನಲ್ಲೂ ಇರುತ್ತೆ.

ನೀರಲ್ಲಿ ಶಬ್ದದ ವೇಗವನ್ನು ಅವತ್ತೇ, ಅಲ್ಲೇ ಅಳೆಯದಿದ್ದರೆ ಚಿತ್ರದ ಅಂಚುಗಳು ಮೇಲಕ್ಕೋ ಕೆಳಕ್ಕೋ ಬಾಗುತ್ತವೆ. ನೇರ ಕೆಳಗೆ ಈ ತಪ್ಪು ಕಡಿಮೆ, ಅದಕ್ಕೇ ಮುಳುಗಿದ ಹಡಗಿನ ನೇರ ಮೇಲೆ ನಿಧಾನವಾಗಿ, ಬೇರೆ ಬೇರೆ ದಿಕ್ಕಿನಿಂದ ಹಾದುಹೋಗಬೇಕು.

ಆಮೇಲೆ ಮುಳುಗಡೆಯ ವರದಿಗಳು. ಅಂದಾಜಿನ ಲೆಕ್ಕದಲ್ಲಿ ಬರೆದ ಸ್ಥಾನ ಮೈಲಿಗಟ್ಟಲೆ ತಪ್ಪಿರಬಹುದು, ದೊಡ್ಡ ವೃತ್ತ ಎಳೆದೇ ಹುಡುಕು. ಒಂದೇ ನಕ್ಷೆಯಲ್ಲಿ ಕಟ್ಟಿದ ಜೋಡಿ ಹಡಗುಗಳಾದರೆ ಅಳತೆಯಿಂದ ತೀರ್ಮಾನವಾಗೋದಿಲ್ಲ. ಟಾರ್ಪಿಡೊ ಯಾವ ಪಕ್ಕಕ್ಕೆ ತಗುಲಿತು, ಯಾವ ಸರಕಿತ್ತು ಅಂತ ತಾಳೆ ನೋಡಬೇಕು. ಅದರಿಂದಲೂ ಇತ್ಯರ್ಥವಾಗದಿದ್ದರೆ 'ಸಂಭಾವ್ಯ' ಅಂತಲೇ ಬರೆದಿಡು. ಒಮ್ಮೆ ನಕ್ಷೆಗೆ ಹೋದ ತಪ್ಪು ಹೆಸರನ್ನು ಮುಂದಿನವರು ಹಾಗೇ ನಕಲು ಮಾಡ್ತಾರೆ, ಸತ್ತವರ ಮನೆಯವರು ಬೇರೆ ಯಾರದೋ ಹಡಗಿನ ಮೇಲೆ ಹೂ ಬಿಡುತ್ತಾರೆ.

ನಿನ್ನ,
ಸುರೇಶ