ಕಳೆ ತುಂಬಿದ ಕೆರೆಗೆ ತಕ್ಕ ಗಾಳ

ಮಾನ್ಯ ಸಂಪಾದಕರೇ,

ಹವ್ಯಾಸಿ ಮೀನುಗಾರಿಕೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು, ಕಳೆ ಬೆಳೆದ ಕೆರೆಯಲ್ಲಿ ಗಾಳ ಹಾಕುವುದು ವ್ಯರ್ಥವೆಂದು ಹೇಳಿರುವುದು ಸರಿಯಲ್ಲ. ಫ್ಲಾರಿಡಾದ ಓಕಿಚೋಬಿ ಸರೋವರದಲ್ಲಿ ಹಲವು ವರ್ಷಗಳಿಂದ ಬಾಸ್ ಮೀನು ಹಿಡಿಯುತ್ತಿರುವ ನನ್ನ ಅನುಭವ ಇದಕ್ಕೆ ತದ್ವಿರುದ್ಧ. ಲಾರ್ಜ್‌ಮೌತ್ ಬಾಸ್ ಹೊಂಚು ಹಾಕಿ ಬೇಟೆಯಾಡುವ ಮೀನಾದ್ದರಿಂದ, ಜೊಂಡಿನ ಅಂಚು ಮತ್ತು ಹೈಡ್ರಿಲ್ಲಾ ಎಂಬ ನೀರಕಳೆಯ ನೆರಳೇ ಅದರ ಮನೆ.

ತೊಡಕಿರುವುದು ಕೃತಕ ಎರೆಯ ಆಯ್ಕೆಯಲ್ಲಿ. ಮೂರು ಮೊನೆಯ ಗಾಳ ನೇತಾಡುವ ಎರೆಯನ್ನು ಇಲ್ಲಿ ಎಸೆದರೆ ಪ್ರತಿ ಬಾರಿಯೂ ಒಂದು ಹಿಡಿ ಸೊಪ್ಪೇ ಸಿಗುತ್ತದೆ. ನೀರಿನ ಮೇಲೆ ಕಳೆ ಚಾಪೆಯಂತೆ ಹಾಸಿರುವಲ್ಲಿ ಟೊಳ್ಳು ಮೈಯ ರಬ್ಬರ್ ಕಪ್ಪೆಯೇ ಸೂಕ್ತ. ಅದರ ಎರಡು ಮೊನೆಗಳು ಬೆನ್ನಿಗೆ ಅಂಟಿಕೊಂಡಂತಿದ್ದು, ಮೀನು ಕಚ್ಚಿ ಮೈ ಅಮುಕಿದಾಗ ಮಾತ್ರ ಹೊರಬರುತ್ತವೆ. ಮೀನು ಎರಗಿ ನೀರು ಚಿಮ್ಮಿದೊಡನೆ ದಾರ ಎಳೆದು ನಾನೇ ಎಷ್ಟೋ ಮೀನು ಕಳೆದುಕೊಂಡಿದ್ದೇನೆ. ಕಪ್ಪೆ ಕಣ್ಮರೆಯಾಗಿ ದಾರ ಬಿಗಿಯಾಗುವವರೆಗೆ ತಾಳಿ, ಆಮೇಲೆ ಜೋರಾಗಿ ಎಳೆಯಬೇಕು. ದಾರವೂ 50ರಿಂದ 65 ಪೌಂಡ್ ತಾಳುವಂಥ ಹೆಣೆದ ದಾರವೇ ಆಗಬೇಕು, ಏಕೆಂದರೆ ಮೀನಿನ ಜೊತೆಗೆ ಅದರಷ್ಟೇ ತೂಕದ ಕಳೆಯೂ ಬರುತ್ತದೆ. ಬಿಸಿಲೇರಿದ ಮೇಲೆ, ಮೊನೆಯನ್ನು ಮೈಯೊಳಗೆ ಹುದುಗಿಸಿದ ಮೆದು ಪ್ಲಾಸ್ಟಿಕ್ ಎರೆಯನ್ನು ಸುಮಾರು 1 ಔನ್ಸ್ ಟಂಗ್‌ಸ್ಟನ್ ಲೋಹದ ತೂಕದ ಗುಂಡಿನೊಂದಿಗೆ ಚಾಪೆ ತೂರಿಸಿ ನೇರವಾಗಿ ಕೆಳಗಿಳಿಸುವುದು ಲೇಸು.

ಹೈಡ್ರಿಲ್ಲಾ ನಮ್ಮ ಕರ್ನಾಟಕದ ಕೆರೆಗಳಲ್ಲೂ ಇರುವ ಗಿಡ. 1950ರ ದಶಕದಲ್ಲಿ ಅದು ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿತು. ಅದರ ಒಂದು ತುಣುಕಿನಿಂದಲೂ ಹೊಸ ಗಿಡ ಚಿಗುರುವುದರಿಂದ, ಕೆರೆ ಬಿಡುವ ಮುನ್ನ ದೋಣಿಗೂ ಟ್ರೈಲರಿಗೂ ಅಂಟಿದ ಎಳೆಗಳನ್ನು ಕಿತ್ತುಹಾಕಬೇಕೆಂಬುದನ್ನೂ ಆ ಲೇಖನ ಹೇಳಬೇಕಿತ್ತು.

– ಓದುಗ, ಒರ್ಲಾಂಡೊ, ಫ್ಲಾರಿಡಾ