ಮಳೆಗಾಲಕ್ಕೆ ಮೊದಲು: ಧರ್ಮ ಅಧ್ಯಯನ ಗ್ರಂಥಾಲಯಕ್ಕಾಗಿ ದೇಣಿಗೆ ಮನವಿ

ಮಾನ್ಯ ದಾನಿಗಳೇ, ಹಳೆಯ ವಿದ್ಯಾರ್ಥಿ ಬಂಧುಗಳೇ,

ಕಳೆದ ಆಷಾಢದಲ್ಲಿ ವಿಶ್ವವಿದ್ಯಾಲಯದ ಧರ್ಮ ಅಧ್ಯಯನ ಗ್ರಂಥಾಲಯದ ತಾರಸಿ ಸೋರಿದ ಸುದ್ದಿ ನಿಮಗೆ ಮುಟ್ಟಿಯೇ ಇರುತ್ತದೆ. ಮಳೆನೀರಿನ ಪೈಪಿಗೆ ಅರಳಿಮರದ ಎಲೆ ಕಟ್ಟಿಕೊಂಡು, ನೀರು ಹರಿಯದೆ ನಿಂತು, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಸಂದಿಯಿಂದ ಒಳಗಿಳಿದಿತ್ತು. ಅದರ ನೇರ ಕೆಳಗೆ ಜೈನ ಮತ್ತು ವೀರಶೈವ ಗ್ರಂಥಗಳ ಕಪಾಟುಗಳು.

ಒದ್ದೆಯಾದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಷ್ಟು ಹತ್ತುತ್ತದೆ. ಪುಟಗಳ ನಡುವೆ ಬ್ಲಾಟಿಂಗ್ ಪೇಪರ್ ಇಟ್ಟು, ನೆಂದಂತೆಲ್ಲ ಬದಲಾಯಿಸಿ, ಫ್ಯಾನ್ ಗಾಳಿಗೆ ಒಣಗಿಸಿದ್ದರಿಂದ ಹೆಚ್ಚಿನವು ಉಳಿದವು. ಆರ್ಟ್ ಪೇಪರಿನ ಚಿತ್ರಪುಟಗಳು ಮಾತ್ರ ಅಂಟಿಕೊಂಡು ಹಲಗೆಯಂತಾದವು. ಓಲೆಗರಿ ಕಟ್ಟುಗಳನ್ನು ಬಿಸಿಲಿಗೆ ಹಾಕಿ ಎಂದ ಹಿತೈಷಿಗಳೂ ಇದ್ದರು. ಬಿಸಿಲಿಗೆ ಗರಿ ಮುರುಟಿ ಉದ್ದಕ್ಕೂ ಸೀಳುತ್ತದೆ. ದಾರ ಬಿಚ್ಚಿ, ನೆರಳಿನಲ್ಲೇ ಹರಡಿ ಒಣಗಿಸಿದೆವು. ಇನ್ನು ಮೃದು ಬ್ರಷ್‌ನಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಅಕ್ಷರ ಮಸುಕಾದಲ್ಲಿ ದೀಪದ ಮಸಿ ತುಂಬುವ ಕೆಲಸ ಬಾಕಿಯಿದೆ.

ಓಲೆಗರಿಗೆ ಇಷ್ಟೇಕೆ ಪಾಡು ಎನ್ನುವವರಿಗೆ ನಮ್ಮ ನಾಡಿನ ಚರಿತ್ರೆಯೇ ಉತ್ತರ. ಜೈನರ ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆ ಮೂಡಬಿದಿರೆಯ ಬಸದಿಯ ಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ ಉಳಿದು ಬಂತು. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲೇ ವಿದ್ವಾಂಸ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿ ಸಿಕ್ಕಿದ್ದು, 1909ರಲ್ಲಿ ಅದು ಅಚ್ಚಾದದ್ದು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಟ್ಟುಗಳನ್ನು ಕೂಡಿಸದಿದ್ದರೆ ಇಂದು ಎಷ್ಟು ವಚನ ನಮ್ಮ ಕೈಲಿರುತ್ತಿದ್ದವೋ! ಮಠ, ಬಸದಿ, ಚರ್ಚು, ದರ್ಗಾಗಳಿಂದ ಬಂದ ಗ್ರಂಥಗಳನ್ನು ಒಂದೇ ಸೂರಿನಡಿ ಇಟ್ಟಿರುವ ಹೆಮ್ಮೆ ನಮ್ಮದೂ ಹೌದು. ಈಗ ಆ ಸೂರೇ ಸೋರುತ್ತಿದೆ.

ಸೂರು ಸರಿಮಾಡುವುದಕ್ಕಿಂತ ಕಷ್ಟದ ಕೆಲಸ ಸೂಚಿಯದು, ಅಂದರೆ ಯಾವ ಪುಸ್ತಕ ಎಲ್ಲಿದೆ ಎಂದು ತೋರಿಸುವ ಕ್ಯಾಟಲಾಗಿನದು. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ, ನಾವು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ಧರ್ಮಕ್ಕೆ 200ರಿಂದ 299. ಅದರಲ್ಲಿ 220ರಿಂದ 289ರವರೆಗೆ ಕ್ರೈಸ್ತ ಧರ್ಮವೇ. ಜೈನಕ್ಕೆ 294.4, ಹಿಂದೂ ಧರ್ಮಕ್ಕೆ 294.5, ಇಸ್ಲಾಮಿಗೆ 297. ವಚನಗಳು ಕನ್ನಡ ಸಾಹಿತ್ಯವೆಂದು 894.814ಕ್ಕೆ ಹೋಗಿ ಕೂತಿವೆ. ದಾಸರ ಪದಗಳು ಸಂಗೀತದ 780ರಲ್ಲಿ. ಶರಣ ಧರ್ಮ ಓದಲು ಬಂದ ವಿದ್ಯಾರ್ಥಿ 294.5ರ ಕಪಾಟು ನೋಡಿ ಬರಿಗೈಲಿ ಹೋಗುತ್ತಾನೆ. ಪುಸ್ತಕ ಮಾತ್ರ ಮೇಲಿನ ಮಹಡಿಯಲ್ಲೇ ಇರುತ್ತದೆ! ಹೆಸರುಗಳದ್ದೂ ಅದೇ ಪಾಡು. ಮಧ್ವಾಚಾರ್ಯ, ಆನಂದತೀರ್ಥ, ಪೂರ್ಣಪ್ರಜ್ಞ ಮೂರೂ ಒಬ್ಬರೇ ಎಂದು ಕಂಪ್ಯೂಟರಿಗೆ ಹೇಳಿಕೊಡದಿದ್ದರೆ ಒಂದು ಹೆಸರಲ್ಲಿ ಹುಡುಕಿದವರಿಗೆ ಉಳಿದೆರಡರ ಪುಸ್ತಕ ಕಾಣುವುದಿಲ್ಲ. ಕನ್ನಡದ ಜೊತೆ ನಂದಿನಾಗರಿ, ತಿಗಳಾರಿ ಎಂಬ ಹಳೆಯ ಲಿಪಿಗಳನ್ನೂ ಓದಬಲ್ಲ ಇಬ್ಬರು ಒಂದು ವರ್ಷ ಕೂತರೆ ಇದು ಮುಗಿಯುತ್ತದೆ. ಬೀರುವಿನ ಮೇಲೆ ಹೆಸರು ಬರೆಸಲು ದಾನಿಗಳು ಸಿಗುತ್ತಾರೆ, ಸೂಚಿಗೆ ಸಿಗುವುದಿಲ್ಲ. ಈ ಮಾತಿಗೆ ಬೇಸರಿಸಬಾರದು.

ಹೊಸ ಗ್ರಂಥಗಳ ವಿಚಾರ. 2025ರ ಜನವರಿಯಿಂದ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಸಂಶೋಧನಾ ಇ-ಪತ್ರಿಕೆಗಳು ಸಿಗುತ್ತಿವೆ. ಅವುಗಳಿಗಾಗಿ ನಿಮ್ಮ ಮುಂದೆ ಕೈಚಾಚುತ್ತಿಲ್ಲ. ಬೇಕಿರುವುದು ಪ್ರಾಕೃತ ಮತ್ತು ಪಾಳಿ ಕೋಶಗಳು, ಅದ್ವೈತ, ವಿಶಿಷ್ಟಾದ್ವೈತ, ದ್ವೈತ ಮೂರೂ ವೇದಾಂತಗಳ ಭಾಷ್ಯಗಳ ಪರಿಷ್ಕೃತ ಆವೃತ್ತಿ, ಬೈಬಲಿನ ಹೀಬ್ರೂ–ಗ್ರೀಕ್ ಮೂಲ, ಅರೇಬಿಕ್ ತಫ್ಸೀರುಗಳು (ಕುರಾನಿನ ವ್ಯಾಖ್ಯಾನಗಳು). ಇ-ಕೋಶವಾದರೆ ಶಾಶ್ವತ ಹಕ್ಕಿನವನ್ನೇ ಕೊಳ್ಳುತ್ತೇವೆ. ವಾರ್ಷಿಕ ಚಂದಾ ಅಗ್ಗವೆನಿಸಿದರೂ ಒಂದು ವರ್ಷ ಕಟ್ಟದಿದ್ದರೆ ಹಿಂದಿನದೂ ಮುಚ್ಚಿಹೋಗುತ್ತದೆ.

ಒಂದು ಕೋಶ ನೋಡಲು ಬೆಳಗಿನ ಬಸ್ಸಿಗೆ ಮೈಸೂರಿಗೋ ಧಾರವಾಡಕ್ಕೋ ಹೋಗಿ, ಮೊಬೈಲಿನಲ್ಲಿ ನಾಲ್ಕು ಪುಟದ ಫೋಟೋ ತೆಗೆದುಕೊಂಡು ರಾತ್ರಿ ಹಾಸ್ಟೆಲಿಗೆ ಮರಳುವ ಸಂಶೋಧನಾ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಹಲವರು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು.

ಒಟ್ಟು ಖರ್ಚು ಸುಮಾರು 14 ಲಕ್ಷ. ತಾರಸಿಗೆ ನಾಲ್ಕೂವರೆ, ಸೂಚಿಗೆ ಐದು, ಗ್ರಂಥಗಳಿಗೆ ಮೂರು; ಉಳಿದದ್ದು ಆಮ್ಲರಹಿತ ಪೆಟ್ಟಿಗೆ ಮತ್ತು ಸ್ಕ್ಯಾನಿಂಗಿಗೆ. ತಾರಸಿ ಕೆಲಸ ಒಣಹವೆಯಲ್ಲೇ ಆಗಬೇಕು. ಹಳೆಯ ಪದರ ಕೆತ್ತಿ, ಸಂದಿ ತುಂಬಿ, ಪೈಪಿನ ಕಡೆಗೆ ಇಳಿಜಾರು ಕೊಟ್ಟು, ಕೊನೆಗೆ ನೀರು ನಿಲ್ಲಿಸಿ ಎರಡು ದಿನ ಪರೀಕ್ಷಿಸಬೇಕು. ಮೇ ತಿಂಗಳ ಮಧ್ಯಕ್ಕೆ ಮುಗಿಯಬೇಕಾದರೆ ಮಾರ್ಚ್ ಕೊನೆಯೊಳಗೆ ಹಣ ಕೈಸೇರಬೇಕು.

ದಯವಿಟ್ಟು ಹಳೆಯ ಪುಸ್ತಕಗಳ ಗಂಟು ಕಳಿಸಬೇಡಿ. ಭಗವದ್ಗೀತೆಯ ಪ್ರತಿಗಳು ಕಪಾಟಿಗೆ ಹೆಚ್ಚಾಗಿವೆ. ಜೊತೆಗೆ ಬರುವ ಗೆದ್ದಲು ಬೇರೆ. ವಸ್ತುರೂಪದ ದಾನಕ್ಕೂ 2000 ರೂಪಾಯಿ ಮೀರಿದ ನಗದಿಗೂ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಒಳ್ಳೆಯದು. ರಸೀತಿಗೆ ಪ್ಯಾನ್ ಸಂಖ್ಯೆ ಬೇಕು; ತಾರಸಿಗೋ ಸೂಚಿಗೋ ಗ್ರಂಥಕ್ಕೋ ಎಂಬುದನ್ನೂ ಬರೆದು ತಿಳಿಸಿ.

ಇಂತಿ,
ಗ್ರಂಥಾಲಯ ಟ್ರಸ್ಟಿನ ಧರ್ಮದರ್ಶಿಗಳು